ಬಗ್ಗದ ಬೆನ್ನನ್ನ ಒತ್ತಿ ಬಗ್ಗಿಸ್ಬೇಡಿ ಮೇಷ್ಟ್ರೇ

ಪುಣೆಗೆ ಬಂದು ಸೇರ್ಕೊಂಡ ಮೇಲೆ ನಂಗೆ ಯೋಗ ಕ್ಲಾಸ್ ಅಭ್ಯಾಸ ಆಗಿದ್ದು, ಊರಿಗೆ ಅಂದ್ರೆ ಕೋಲಾರಕ್ಕೆ ಹೋದಾಗ್ಲೂ ತಪ್ಪಿಸ್ಬಾರ್ದು ಅಂತ ಅಲ್ಲಿನ ಬೆಳಗಿನ ಫ್ರೀ ಕ್ಲಾಸಿಗೆ ಹೋಗ್ತೀನಿ, ಹಂಗಾಗಿ ಎರಡೂ ಕಡೆ ಆಸನ ತಿದ್ದೋ ರೀತಿ ನೋಡಿದೀನಿ. ನೇರವಾಗೇ ಹೇಳ್ತೀನಿ, ನಮ್ಮೂರಲ್ಲಿ ಮೇಷ್ಟ್ರ ಕೈಗೆ ಸ್ವಲ್ಪ ಅವಸರ ಜಾಸ್ತಿ.

ಪಶ್ಚಿಮೋತ್ತಾನಾಸನನೇ ತಗೊಳ್ಳಿ, ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗೋದು. ಊರಲ್ಲಿ ನನ್ನ ಪಕ್ಕ ಕೂರೋರು ಟೊಮೇಟೊ ಮಂಡಿಲಿ ಕ್ರೇಟ್ ಎತ್ತೋರು, ಐವತ್ತು ದಾಟಿದೆ, ಬೆನ್ನು ಹಲಗೆ ಹಲಗೆ ಆಗಿದೆ, ಬಗ್ಗಿದ್ರೆ ಕೈ ಮೊಣಕಾಲು ದಾಟಲ್ಲ. ಮೇಷ್ಟ್ರು ಹಿಂದಿಂದ ಬಂದು ಎರಡೂ ಅಂಗೈ ಬೆನ್ನ ಮೇಲಿಟ್ಟು "ಇನ್ನೊಂಚೂರು ಅಣ್ಣಾ, ಉಸಿರು ಬಿಡಿ, ಇನ್ನೊಂಚೂರು" ಅಂತ ಒತ್ತಿದ್ರು. ಅವ್ರು ಹಲ್ಲು ಕಚ್ಕೊಂಡ್ರೇ ಹೊರ್ತು ಸಾಕು ಅನ್ಲಿಲ್ಲ, ಮೇಷ್ಟ್ರಿಗೆ ಸಾಕು ಅನ್ನೋರು ನಮ್ಮ ಕಡೆ ಯಾರಿದಾರೆ. ತೊಡೆ ಹಿಂದಿನ ಸ್ನಾಯು ಬಿಗಿ ಇದ್ರೆ ಸೊಂಟದ ಮೂಳೆ ಮುಂದಕ್ಕೆ ತಿರುಗೋದೇ ಇಲ್ಲ, ಆವಾಗ ಮೇಲಿಂದ ಒತ್ತಿದ ಭಾರ ಎಲ್ಲಾ ಕೆಳಬೆನ್ನಿನ ಡಿಸ್ಕ್ ಮೇಲೆ ಬೀಳುತ್ತೆ, ಇಲ್ಲಾಂದ್ರೆ ಆ ಸ್ನಾಯು ಕೂರೋ ಮೂಳೆಗೆ ಅಂಟ್ಕೊಂಡಿರೋ ಜಾಗಕ್ಕೆ ಹೋಗುತ್ತೆ, ಅಲ್ಲಿ ಒಂದ್ಸಲ ಪೆಟ್ಟಾದ್ರೆ ತಿಂಗಳುಗಟ್ಟಲೆ ಕೂತ್ರೂ ನೋವು ನಿಂತ್ರೂ ನೋವು.

ಪುಣೆಲಿ ಇದೇ ಆಸನಕ್ಕೆ ಟೀಚರ್ ಬೆನ್ನು ಮುಟ್ಟೋದೇ ಅಪರೂಪ. ಎರಡು ಕಂಬಳಿ ಮಡಚಿ ಅದರ ಮೇಲೆ ಕೂರಿಸ್ತಾರೆ, ಪಾದಕ್ಕೆ ಬೆಲ್ಟ್ ಹಾಕಿ ಹಿಡ್ಕೊಳ್ಳಿ ಅಂತಾರೆ, ತಲೆ ಮಂಡಿಗೆ ತಾಗಿಸೋ ಆಸೆ ಬಿಟ್ಟು ಎದೆ ಮುಂದಕ್ಕೆ ತನ್ನಿ ಅಂತಾರೆ. ಕಾಲಗಲಿಸಿ ನಿಂತು ಪಕ್ಕಕ್ಕೆ ಬಗ್ಗೋ ತ್ರಿಕೋನಾಸನದಲ್ಲಿ ಕೈ ನೆಲಕ್ಕೆ ಎಟಕ್ಲಿಲ್ವಾ, ಒಂದು ಮರದ ಬ್ರಿಕ್. ಭುಜದ ಮೇಲೆ ನಿಂತು ಕಾಲು ಮೇಲೆತ್ತೋ ಸರ್ವಾಂಗಾಸನಕ್ಕೆ ಭುಜದ ಕೆಳಗೆ ಕಂಬಳಿ, ತಲೆ ಮಾತ್ರ ನೆಲದ ಮೇಲೆ, ಕತ್ತಿನ ಮೇಲೆ ಭಾರ ಬೀಳಬಾರ್ದು ಅಂತ. ಕೈ ಹಾಕೋದಿದ್ರೂ ಕೇಳೇ ಹಾಕೋದು, ಅದೂ ಯಾವ ಕಡೆ ತಿರುಗ್ಬೇಕು ಅಂತ ತೋರಿಸೋಕೆ ಅಷ್ಟೇ.

ಈ ಬೆಲ್ಟು ಬ್ರಿಕ್ಕು ಎಲ್ಲಾ ಹೊರಗಿನ ಶೋಕಿ ಅಂತ ಊರಲ್ಲಿ ನಗ್ತಾರಲ್ಲ, ಅದನ್ನ ಜಗತ್ತಿಗೆಲ್ಲಾ ಹಬ್ಬಿಸಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ 1918ರಲ್ಲಿ ಹುಟ್ಟಿದ್ದು ನಮ್ಮ ಕೋಲಾರದ ಕಡೆ ನರಸಾಪುರದ ಹತ್ರದ ಬೆಳ್ಳೂರಲ್ಲಿ! ಹುಡುಗನಾಗಿದ್ದಾಗ ಮೈಸೂರಲ್ಲಿ ಭಾವ ಕೃಷ್ಣಮಾಚಾರ್ಯರ ಹತ್ರ ಕಲಿತು 1937ರಲ್ಲಿ ಪುಣೆಗೆ ಬಂದ್ರು. ತಯಾರಿ ಇಲ್ದೆ ಹನುಮಾನಾಸನ, ಅಂದ್ರೆ ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಪೂರ್ತಿ ಚಾಚಿ ಕೂರೋದು, ಮಾಡು ಅಂತ ಗುರುಗಳು ಹೇಳಿದ್ದಕ್ಕೆ ಮಾಡಿ ತೊಡೆ ಸ್ನಾಯು ಹರ್ಕೊಂಡಿದ್ದನ್ನ ಅವ್ರೇ ಹೇಳ್ಕೊಂಡಿದಾರೆ. ಅಯ್ಯಂಗಾರರ ಕೈನೂ ಏನ್ ಮೆತ್ತಗಿರ್ಲಿಲ್ಲ ಬಿಡಿ, ಏಟು ತಿಂದ ಹಳೇ ಶಿಷ್ಯರು ಬೇಕಾದಷ್ಟು ಜನ ಇದಾರೆ.

ಹಂಗಂತ ಪುಣೆದೆಲ್ಲಾ ಚಿನ್ನ ಅಲ್ಲ. ಇಲ್ಲಿ ಸೇರುವಾಗ ಒಂದು ಫಾರಂ ತುಂಬ್ಸಿದ್ರು, ಆಮೇಲೆ ನನ್ನ ಮಂಡಿ ಹೆಂಗಿದೆ ಅಂತ ಯಾರೂ ವಿಚಾರಿಸ್ಲಿಲ್ಲ. ಕೋಲಾರದ ಮೇಷ್ಟ್ರು ಕ್ಲಾಸ್ ಶುರು ಆಗೋಕ್ ಮುಂಚೆನೇ ಸಾಲಲ್ಲಿ ಓಡಾಡ್ತಾ "ಏನಪ್ಪಾ, ರಾತ್ರಿ ಶಿಫ್ಟಾ, ಇವತ್ತು ಶೀರ್ಷಾಸನ ಬೇಡ ನಿಂಗೆ", "ಅಮ್ಮಾ, ಬಿಪಿ ಮಾತ್ರೆ ತಗೊಂಡ್ರಾ" ಅಂತ ಒಬ್ಬೊಬ್ರನ್ನೂ ಕೇಳ್ತಾರೆ. ಬಿಪಿ ಜಾಸ್ತಿ ಇರೋರು, ಗ್ಲಾಕೋಮಾ ಅನ್ನೋ ಕಣ್ಣಿನ ಕಾಯಿಲೆ ಇರೋರು ತಲೆಕೆಳಗಾಗಿ ನಿಲ್ಲಬಾರ್ದು, ಆ ಜಾಗದಲ್ಲಿ ಈ ಒಂದು ಪ್ರಶ್ನೆ ಹತ್ತು ಬ್ರಿಕ್ಕಿಗಿಂತ ಮೇಲು. ಇಷ್ಟು ಚೆನ್ನಾಗಿ ಕೇಳೋರು ಬೆನ್ನ ಮೇಲೆ ಕೈ ಇಡುವಾಗ ಯಾಕೆ ಕೇಳಲ್ಲ ಅನ್ನೋದೇ ನಂಗೆ ಅರ್ಥ ಆಗದಿರೋದು.

ಪದ್ಮಾಸನದ ವಿಷಯಕ್ಕಂತೂ ಇನ್ನೂ ಭಯ ಆಗುತ್ತೆ. ಕಾಲು ಬರಲ್ಲ ಅಂದವನ ಪಾದ ಹಿಡಿದು ತೊಡೆ ಮೇಲೆ ಎಳೆದಿಡ್ತಾರೆ. ಕಾಲು ತಿರುಗ್ಬೇಕಾಗಿರೋದು ಸೊಂಟದ ಕೀಲಿಂದ, ಅದು ತಿರುಗ್ಲಿಲ್ಲ ಅಂದ್ರೆ ಆ ತಿರುಚು ಮಂಡಿ ತಗೊಳುತ್ತೆ, ಮಂಡಿ ಒಳಗಿನ ಗಾದಿ ಹರಿಯೋದು ಹಿಂಗೇನೇ. ಸುಮ್ನೆ ಚಕ್ಕಂಬಕ್ಕಳ ಹಾಕ್ಕೊಂಡು ಕೂತ್ರೆ ಏನ್ ಕಮ್ಮಿ ಆಗುತ್ತೆ?

ಇದನ್ನೆಲ್ಲಾ ಮೇಷ್ಟ್ರ ಹತ್ರ ಎತ್ತಿದ್ದೆ. "ದಿಂಬು ಕೊಟ್ರೆ ಸೋಮಾರಿ ಆಗ್ತಾರೆ ಕಣಪ್ಪಾ" ಅಂದ್ರು. ನಾನಂತೂ ಒಪ್ಪಲ್ಲ, ನೋವು ಮಾಡ್ಕೊಂಡೋನು ಕ್ಲಾಸೇ ಬಿಟ್ಟುಬಿಡ್ತಾನೆ. ದುಡ್ಡೂ ಬೇಕಿಲ್ಲ, ಹಳೇ ಪಂಚೆ ಬೆಲ್ಟ್ ಆಗುತ್ತೆ, ಜಮಖಾನ ಮಡಚಿದ್ರೆ ಕಂಬಳಿ ಆಗುತ್ತೆ, ನೆಲ ಎಟುಕದೋರಿಗೆ ಗೋಡೆಗೆ ಒರಗಿಸಿಟ್ಟ ಪ್ಲಾಸ್ಟಿಕ್ ಚೇರ್ ಸಾಕು. ಜೂನ್ 21ರ ಯೋಗ ದಿನ ಬಂತು ಅಂದ್ರೆ ಮೈದಾನದ ತುಂಬಾ ಜನ, ಅವತ್ತು ವಾಲಂಟಿಯರ್ ಹುಡುಗರನ್ನ ಸಾಲಲ್ಲಿ ಬಿಟ್ಟು ಹೆಸರೂ ಗೊತ್ತಿಲ್ಲದೋರ ಬೆನ್ನು ಒತ್ತಿಸ್ತಾರಲ್ಲ, ಆ ಹುಡುಗರ ಕೈಗೆ ನೀರಿನ ಬಾಟ್ಲಿ ಕೊಟ್ಟು ಕಳ್ಸಿ, ತಿದ್ದೋದನ್ನ ಮೇಷ್ಟ್ರು ಮೈಕಲ್ಲೇ ಮಾತಾಡಿ ತಿದ್ಲಿ.