12 ವರ್ಷಕ್ಕೆ 14,000 ಕಿಮೀ ಓಡಿದ ಗಾಡಿ ಬ್ಯಾಡ ತಮ್ಮಾ

ಬೆಳಗಾವಿಯಲ್ಲಿ ಸ್ವಿಫ್ಟ್, ಪೋಲೋ, ಐ20 ಓಡಿಸಿ ಕೈ ಕುದುರಿದ 23-24ರ ಹುಡುಗರ ಕಣ್ಣು ಈಗ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳ ಮೇಲೆ ಬಿದ್ದಿದೆ. ಪುಣೆ, ಮುಂಬೈ, ಗೋವಾದ ಜಾಹೀರಾತುಗಳಲ್ಲಿ ಹಳೆಯ ಬಿಎಂಡಬ್ಲ್ಯು ಝಡ್4, ಮರ್ಸಿಡಿಸ್ ಎಸ್‌ಎಲ್‌ಕೆ, ಪೋರ್ಶೆ ಬಾಕ್ಸ್‌ಸ್ಟರ್, ನಿಸಾನ್ 370ಝಡ್ ಹೊಸ ಎಸ್‌ಯುವಿ ಒಂದರ ರೇಟಿಗೆ ಕಾಣಿಸುತ್ತವೆ. ಮೊದಲ ಸಾಲು ಎಲ್ಲದರಲ್ಲೂ ಒಂದೇ: "2013 ಮಾಡೆಲ್, 14,000 ಕಿಮೀ ಮಾತ್ರ, ಭಾನುವಾರಕ್ಕಷ್ಟೇ ತೆಗೆದ ಗಾಡಿ". ನನ್ನ ತಕರಾರು ಇರೋದು ಆ "ಮಾತ್ರ"ದ ಮೇಲೆ.

ನಿಂತ ಎತ್ತಿಗೂ ನಿಂತ ಗಾಡಿಗೂ ಮೈ ಹಿಡಿಯುತ್ತದೆ. ವರ್ಷಕ್ಕೆ ಸಾವಿರ ಚಿಲ್ಲರೆ ಕಿಲೋಮೀಟರ್ ಅಂದರೆ ಆ ಎಂಜಿನ್ ಆಯಿಲ್ ಪೂರ್ತಿ ಬಿಸಿಯಾದದ್ದೇ ಅಪರೂಪ. ಎಂಜಿನ್ ಚಾಲೂ ಆದಾಗ ಒಳಗೆ ಕೂಡುವ ತೇವ ಹಾರಿಹೋಗಬೇಕಾದರೆ 20-25 ನಿಮಿಷ ಓಡಲೇಬೇಕು. ಬಂಗಲೆಯಿಂದ ಹೋಟೆಲಿನತನಕ 3 ಕಿಮೀ ಹೋಗಿ ಬಂದರೆ ಆ ನೀರೆಲ್ಲ ಆಯಿಲ್‌ನಲ್ಲೇ ಉಳಿಯುತ್ತದೆ. ರಬ್ಬರಿಗೆ ಕಿಲೋಮೀಟರ್ ಲೆಕ್ಕ ಗೊತ್ತಿಲ್ಲ, ವರ್ಷದ ಲೆಕ್ಕ ಮಾತ್ರ ಗೊತ್ತು. ವಾಲ್ವ್ ಕವರ್ ಗ್ಯಾಸ್ಕೆಟ್, ಕೂಲಂಟ್ ಪೈಪು, ಸಸ್ಪೆನ್ಷನ್ ಬುಷ್, ರೂಫಿನ ಬೀಡಿಂಗ್ ಎಲ್ಲ ನಿಂತಲ್ಲೇ ಗಟ್ಟಿಯಾಗಿ ಸೀಳುತ್ತವೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯತನಕ ಕುದಿಯಬಾರದು ಅನ್ನೋದು ನಿಯಮ. ತೇವ ಹಿಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಚೋರ್ಲಾ ಘಾಟ್‌ನಲ್ಲಿ ಗೋವಾ ಕಡೆ ಇಳಿಯುವಾಗ ಕಾಲು ಬ್ರೇಕಿನ ಮೇಲೇ ಇಟ್ಟವರಿಗೆ ಈ ವ್ಯತ್ಯಾಸ ಪೆಡಲ್ ಮೆತ್ತಗಾದ ಕೂಡಲೇ ತಿಳಿಯುತ್ತದೆ.

ಹಾಗಾಗಿ 60,000 ಕಿಮೀ ಓಡಿ, ವರ್ಷವರ್ಷವೂ ಆಯಿಲ್ ಬದಲಿಸಿದ ಬಿಲ್ಲುಗಳಿರುವ ಗಾಡಿ 14,000ದ ಗೊಂಬೆಗಿಂತ ನೂರು ಪಾಲು ಮೇಲು. ರೇಟಿನಲ್ಲೂ ಕಡಿಮೆ ಸಿಗುತ್ತದೆ, ಯಾಕಂದರೆ ಮಂದಿಗೆ ಮೀಟರಿನ ಮೋಹ.

ಮೀಟರ್ ಅಂದಮೇಲೆ ಒಂದು ಮಾತು. ಡ್ಯಾಶ್‌ಬೋರ್ಡಿನ ಅಂಕಿ ತಿರುಗಿಸುವುದು ಸುಲಭ. ಆದರೆ ಈ ಗಾಡಿಗಳಲ್ಲಿ ಕಿಲೋಮೀಟರ್ ಒಂದೇ ಕಡೆ ಬರೆದಿರುವುದಿಲ್ಲ. ಬಿಎಂಡಬ್ಲ್ಯುದಲ್ಲಿ ಕೀಲಿ, ಲೈಟ್ ಮಾಡ್ಯೂಲು (ಲೈಟು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇವುಗಳಲ್ಲೂ ದಾಖಲಾಗಿರುತ್ತದೆ. ಕಂಪನಿಯ ಸ್ಕ್ಯಾನರ್ ಇರುವ ವರ್ಕ್‌ಶಾಪಿನಲ್ಲಿ ಎಲ್ಲ ಮಾಡ್ಯೂಲುಗಳ ರಿಪೋರ್ಟ್ ತೆಗೆಸಿ, ಅಂಕಿ ತಾಳೆ ನೋಡಿ. ಪೋರ್ಶೆಯಾದರೆ ಅದೇ ಸ್ಕ್ಯಾನಿನಲ್ಲಿ ಓವರ್‌ರೆವ್ ದಾಖಲೆಯೂ ಸಿಗುತ್ತದೆ. ಗೇರ್ ತಪ್ಪಿ ಹಾಕಿ ಎಂಜಿನ್ ಎಷ್ಟು ಸಲ ಮಿತಿ ಮೀರಿ ತಿರುಗಿದೆ ಎಂಬ ಲೆಕ್ಕ ಅದು. ಸಾವಿರ ರೂಪಾಯಿಯ ನೀಲಿ ಓಬಿಡಿ ಡಬ್ಬಿಯಲ್ಲಿ (ಮೊಬೈಲಿನಲ್ಲಿ ಗಾಡಿಯ ದೋಷ ತೋರಿಸುವ ಸಣ್ಣ ಸ್ಕ್ಯಾನರ್) ಇದ್ಯಾವುದೂ ಬರುವುದಿಲ್ಲ.

ಗಾಡಿ ನೋಡಲು ಹೋಗುವ ಮುನ್ನ ಮಾರುವವರಿಗೆ ಒಂದೇ ಶರತ್ತು ಹಾಕಿ: "ನಾವು ಬರೋತನಕ ಚಾಲೂ ಮಾಡಬ್ಯಾಡ್ರಿ". ಬಾನೆಟ್ ಮೇಲೆ ಕೈ ಇಟ್ಟು ತಣ್ಣಗಿದೆಯೋ ನೋಡಿ, ಆಮೇಲೆ ಕೀಲಿ ತಿರುಗಿಸಿ. ಟೈಮಿಂಗ್ ಚೈನ್ ಸಡಿಲಾದ ಖಡಖಡ, ನೀಲಿ ಹೊಗೆ, ಏರಿಳಿಯುವ ಐಡಲಿಂಗ್ ಎಲ್ಲ ತಣ್ಣನೆಯ ಎಂಜಿನ್ನಿನ ಮೊದಲ ಅರ್ಧ ನಿಮಿಷದಲ್ಲೇ ಬಯಲಾಗುತ್ತವೆ. ಬಿಸಿ ಮಾಡಿಟ್ಟ ಗಾಡಿ ಸುಳ್ಳು ಹೇಳುತ್ತದೆ.

ಕೊಲ್ಲಾಪುರ, ಸಾಂಗ್ಲಿ ಕಡೆಯಿಂದ ಬಂದ ಗಾಡಿಯಾದರೆ ನೀರು ನುಗ್ಗಿದೆಯೋ ನೋಡದೆ ಮುಂದಿನ ಮಾತೇ ಬೇಡ. 2019ರ ಆಗಸ್ಟ್ ಮತ್ತು 2021ರ ಜುಲೈನ ಪಂಚಗಂಗಾ, ಕೃಷ್ಣಾ ಪ್ರವಾಹ ಈ ಭಾಗದವರಿಗೆ ನೆನಪಿದೆ. ಗಾಡಿಯ ದಾಖಲೆಗಳಿಗೆ ಮಾತ್ರ ನೆನಪಿರುವುದಿಲ್ಲ. ಸೀಟ್‌ಬೆಲ್ಟನ್ನು ಕೊನೆಯತನಕ ಎಳೆದು ನೋಡಿ, ರೀಲಿನೊಳಗಿನ ಭಾಗದಲ್ಲಿ ಮಣ್ಣಿನ ಗೆರೆ ಉಳಿದಿರುತ್ತದೆ. ಸೀಟಿನ ಹಳಿಯ ಬೋಲ್ಟು ತುಕ್ಕು ಹಿಡಿದಿದೆಯೋ ನೋಡಿ. ಕಾರ್ಪೆಟ್ ಎತ್ತಿ ಕೆಳಗಿನ ಫೋಮ್ ಒತ್ತಿ. ಎರಡು ಸೀಟಿನ ಗಾಡಿಯಲ್ಲಿ ನೆಲ ತಗ್ಗು, ಮಾಡ್ಯೂಲುಗಳೂ ಅಲ್ಲೇ ಕೂತಿರುತ್ತವೆ. ಹಳೆಯ ಬಾಕ್ಸ್‌ಸ್ಟರ್ 986ರಲ್ಲಿ ಇಮ್ಮೊಬಿಲೈಸರ್ ಪೆಟ್ಟಿಗೆ (ಸರಿಯಾದ ಕೀಲಿ ಇಲ್ಲದೆ ಎಂಜಿನ್ ಚಾಲೂ ಆಗಗೊಡದ್ದು) ಸೀಟಿನ ಕೆಳಗೇ ಇದೆ. ಅದಕ್ಕೆ ಪ್ರವಾಹವೇ ಬರಬೇಕೆಂದಿಲ್ಲ, ರೂಫಿನ ನೀರು ಇಳಿಯುವ ತೂತು ಎಲೆ ಕಸದಿಂದ ಕಟ್ಟಿಕೊಂಡರೆ ಸಾಕು.

ಪೇಂಟ್ ದಪ್ಪ ಅಳೆಯುವ ಮೀಟರ್ ಬಾಡಿಗೆಗೂ ಸಿಗುತ್ತದೆ. ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. 300 ದಾಟಿದರೆ ಮತ್ತೆ ಬಳಿದದ್ದು, ಸಾವಿರ ದಾಟಿದರೆ ಒಳಗೆ ಪುಟ್ಟಿ. ಬಂಪರಿಗೆ ಮತ್ತೆ ಪೇಂಟ್ ಹೊಡೆದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಇಷ್ಟು ತಗ್ಗಿನ ಗಾಡಿಗೆ ಅದು ಇದ್ದದ್ದೇ. ಬಾಗಿಲ ಹಿಂದಿನ ಭಾಗ, ಡಿಕ್ಕಿಯ ನೆಲ ನೋಡಿ.

ಈಗ ಮಾಡೆಲ್‌ಗಳ ವಿಚಾರ. ಇಲ್ಲಿ ಪ್ರೀತಿಗಿಂತ ಇಸವಿ ಮುಖ್ಯ.

2009ರಿಂದ 2016ರತನಕದ ಝಡ್4, ಲೋಹದ ರೂಫ್ ಮಡಚುವಂಥದ್ದು, ನಮ್ಮ ಕಡೆ ಹೆಚ್ಚು ಕಣ್ಣಿಗೆ ಬೀಳುತ್ತದೆ. 35ಐ ಅಂದರೆ ಎರಡು ಟರ್ಬೊದ 3 ಲೀಟರ್ ಎನ್54 ಎಂಜಿನ್. ಎಳೆತ ಅದ್ಭುತ, ಖರ್ಚೂ ಹಾಗೇ. ಹೈ ಪ್ರೆಷರ್ ಫ್ಯುಯೆಲ್ ಪಂಪ್, ಇಂಜೆಕ್ಟರ್, ಟರ್ಬೊದ ವೇಸ್ಟ್‌ಗೇಟ್ ಸದ್ದು, ಮೂರೂ ಹೆಸರುವಾಸಿ ರೋಗಗಳು. ಇವಕ್ಕಿಂತ ಕೆಟ್ಟದ್ದು ವಾಟರ್ ಪಂಪ್. ಅದು ಬೆಲ್ಟಿನಿಂದಲ್ಲ, ಕರೆಂಟಿನಿಂದ ಓಡುತ್ತದೆ. ಬೆಲ್ಟ್ ಪಂಪು ಸಾಯುವ ಮುನ್ನ ಒದರುತ್ತದೆ, ನೀರು ಸೋರುತ್ತದೆ. ಇದು ಸದ್ದಿಲ್ಲದೆ ನಿಲ್ಲುತ್ತದೆ, ಮರುಕ್ಷಣ ಟೆಂಪರೇಚರ್ ಕೆಂಪು. ಯಾವಾಗ ಬದಲಿಸಿದ್ದು ಎಂಬ ಬಿಲ್ಲು ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ತಿಳಿದು, ಪಂಪು ಮತ್ತು ಥರ್ಮೊಸ್ಟ್ಯಾಟ್ ಎರಡನ್ನೂ ಒಟ್ಟಿಗೆ ಹಾಕಿಸಿ. ನಾಲ್ಕು ಸಿಲಿಂಡರಿನ ಎನ್20 ಎಂಜಿನ್ನಿನದಾದರೆ ಟೈಮಿಂಗ್ ಚೈನಿನ ಪ್ಲಾಸ್ಟಿಕ್ ಗೈಡ್ ಸವೆದು ಪುಡಿಯಾಗುತ್ತದೆ. ಆ ಕೆಲಸ ಆಗಿದೆಯೋ ಕೇಳಿ.

ಬಾಕ್ಸ್‌ಸ್ಟರ್‌ದಲ್ಲಿ ಗೆರೆ ಎಳೆದಂತೆ ಇರುವುದು 2009. ಅದಕ್ಕಿಂತ ಮುಂಚಿನ ಎಂಜಿನ್‌ಗಳಲ್ಲಿ ಐಎಂಎಸ್ ಬೇರಿಂಗ್ ಇದೆ. ಒಳಗಿನ ಇಂಟರ್‌ಮೀಡಿಯೆಟ್ ಶಾಫ್ಟಿಗೆ ಆಧಾರವಾಗಿರುವ ಆ ಬೇರಿಂಗ್ ಹರಿದರೆ ಚೈನ್ ಟೈಮಿಂಗ್ ತಪ್ಪಿ ವಾಲ್ವು ಪಿಸ್ಟನ್ ಬಡಿದಾಡಿ ಎಂಜಿನ್ನೇ ಹೋಗುತ್ತದೆ. 2009ರ ಹೊಸ ವಿನ್ಯಾಸದಲ್ಲಿ ಆ ಶಾಫ್ಟೇ ಇಲ್ಲ. ಹಳೆಯದನ್ನೇ ಮೆಚ್ಚಿದ್ದರೆ ಆಯಿಲ್ ಫಿಲ್ಟರ್ ಬಿಚ್ಚಿಸಿ, ಕಾಗದದ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಮಿನುಗುವ ಲೋಹದ ಚೂರು ಕಂಡರೆ ನಮಸ್ಕಾರ ಹೇಳಿ ಬಸ್ ಹಿಡಿಯಿರಿ.

ಎಸ್‌ಎಲ್‌ಕೆ 350 ಹಳೆಯ ಆರ್171ರಲ್ಲಿ, ಶುರುವಿನ ಎಂಜಿನ್‌ಗಳಿಗೆ ಬ್ಯಾಲೆನ್ಸ್ ಶಾಫ್ಟಿನ ಗೇರ್ ಸವೆಯುವ ದೋಷವಿತ್ತು. ಎಂಜಿನ್ ನಂಬರ್ ಹಾಕಿ ವಿಚಾರಿಸಿದರೆ ಗೊತ್ತಾಗುತ್ತದೆ. ಸರಿಪಡಿಸಲು ಎಂಜಿನ್ ಇಳಿಸಬೇಕು, ಹಾಗಾಗಿ ಲೆಕ್ಕ ಹಾಕಿ. 370ಝಡ್ ಇವೆಲ್ಲಕ್ಕಿಂತ ಸರಳ: ಟರ್ಬೊ ಇಲ್ಲ, 3.7 ಲೀಟರ್ ವಿ6, ಮ್ಯಾನ್ಯುವಲ್ ಕೂಡ ಸಿಗುತ್ತದೆ. ಗೇರ್‌ಬಾಕ್ಸ್ ಒಳಗಿರುವ ಕ್ಲಚ್ ಸ್ಲೇವ್ ಸಿಲಿಂಡರ್ ಸೋರಿ ಪೆಡಲ್ ನೆಲಕ್ಕೆ ಅಂಟುವುದು ಅದರ ಖಾಯಂ ರೋಗ. ನನ್ನನ್ನು ಕೇಳಿದರೆ ಮೊದಲ ಸ್ಪೋರ್ಟ್ಸ್ ಕಾರಿಗೆ ಇದೇ ಸರಿ, ಆದರೆ ಭಾರತದಲ್ಲಿ ಮಾರಾಟವಾದದ್ದೇ ಕಡಿಮೆ. ಆಡಿ ಟಿಟಿ ಕೂಪೆ ಹೆಸರಿಗೆ ನಾಲ್ಕು ಸೀಟಿನದು. ಹಿಂದಿನ ಸೀಟು ಮಾವಿನಕಾಯಿ ಚೀಲಕ್ಕೆ ಲಾಯಕ್ಕು.

ಕಾಗದಪತ್ರ. ಎಂಎಚ್ ಅಥವಾ ಜಿಎ ನಂಬರಿನ ಗಾಡಿ ತಂದರೆ ಮೂಲ ಆರ್‌ಟಿಓದಿಂದ ಫಾರ್ಮ್ 28ರ ಎನ್‌ಓಸಿ, ಮಾಲೀಕತ್ವ ಬದಲಿಗೆ 29 ಮತ್ತು 30, ಸಾಲ ಇದ್ದಿದ್ದರೆ ಬ್ಯಾಂಕಿನ ಸಹಿಯ 35, ಬೆಳಗಾವಿಯ ಕೆಎ-22 ನಂಬರಿಗೆ 27. ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ 12 ತಿಂಗಳಿಗಿಂತ ಹೆಚ್ಚು ಬೇರೆ ರಾಜ್ಯದಲ್ಲಿ ಇಟ್ಟುಕೊಂಡರೆ ಅಲ್ಲಿನ ನಂಬರ್ ಬೇಕೇ ಬೇಕು. ನಮ್ಮ ರಾಜ್ಯದ ಲೈಫ್‌ಟೈಮ್ ಟ್ಯಾಕ್ಸ್ ದೇಶದಲ್ಲೇ ಭಾರವಾದವುಗಳಲ್ಲಿ ಒಂದು. ಗಾಡಿಯ ವಯಸ್ಸು ನೋಡಿ ಕಡಿತವಿದ್ದರೂ, ಲೆಕ್ಕ ಶುರುವಾಗುವುದು ಹೊಸದಿದ್ದಾಗಿನ ಬೆಲೆಯಿಂದ, ನೀವು ಕೊಟ್ಟ ರೇಟಿನಿಂದಲ್ಲ. ಅಡ್ವಾನ್ಸ್ ಕೊಡುವ ಮುನ್ನವೇ ಆರ್‌ಟಿಓದಲ್ಲಿ ಮೊತ್ತ ತಿಳಿದುಕೊಳ್ಳಿ. ಮೊದಲ ರಾಜ್ಯದಲ್ಲಿ ಕಟ್ಟಿದ ಟ್ಯಾಕ್ಸಿನ ಉಳಿದ ಪಾಲಿಗೆ ರಿಫಂಡ್ ಅರ್ಜಿ ಹಾಕಬಹುದು, ತಾಳ್ಮೆ ಇದ್ದರೆ.

ಮಂದಿ ಮರೆಯುವುದು 15 ವರ್ಷದ ಗಡಿ. 2010ರ ಗಾಡಿಯ ಆರ್‌ಸಿ 2025ಕ್ಕೆ ಮುಗಿಯಿತು. ಅಲ್ಲಿಂದ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ದರದಲ್ಲಿ ಮೊದಲ ನವೀಕರಣಕ್ಕೆ ಸಾಮಾನ್ಯ ಕಾರಿಗೆ 5,000 ಇದ್ದರೆ ವಿದೇಶದಿಂದ ತರಿಸಿದ ಕಾರಿಗೆ 40,000. ಮೇಲೆ ಹೇಳಿದ ಗಾಡಿಗಳೆಲ್ಲ ಪೂರ್ತಿ ತಯಾರಾಗಿಯೇ ಹಡಗಿನಲ್ಲಿ ಬಂದವು. ಇನ್ನು ಇನ್ಶೂರೆನ್ಸ್: ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಮನುಷ್ಯನದು, ಗಾಡಿಯದಲ್ಲ. ಮಾಲೀಕತ್ವ ಬದಲಾದ 14 ದಿನದೊಳಗೆ ಪಾಲಿಸಿಯನ್ನೂ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ.

ದುಡ್ಡಿನ ಲೆಕ್ಕ ನನ್ನದು ಹೀಗೆ: ಕೈಯಲ್ಲಿ 20 ಲಕ್ಷ ಇದ್ದರೆ 15ರ ಗಾಡಿ ನೋಡಿ. ಉಳಿದ 5ರಲ್ಲಿ ಟ್ಯಾಕ್ಸು, ಟೈರು, ಎಲ್ಲ ಆಯಿಲುಗಳು, ಕೂಲಿಂಗ್ ಸಿಸ್ಟಂ, ಬ್ಯಾಟರಿ. ಎಕ್ಸಾಸ್ಟ್ ಸದ್ದು, ರೀಮ್ಯಾಪ್ (ಪವರ್ ಹೆಚ್ಚಿಸಲು ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸುವುದು) ಮೊದಲ ವರ್ಷ ಬಾಯಲ್ಲೂ ಬೇಡ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದವರ ಕೈಗೆ ಲೋಹದ ಕೆಲಸ ನಿಶ್ಚಿಂತೆಯಿಂದ ಕೊಡಬಹುದು: ಬುಷ್ ಒತ್ತುವುದು, ಅಲ್ಯೂಮಿನಿಯಂ ವೆಲ್ಡಿಂಗ್, ಅಳತೆ ಸರಿಯಾಗಿ ಕೊಟ್ಟರೆ ರೂಫಿನ ಹೈಡ್ರಾಲಿಕ್ ಸಿಲಿಂಡರಿನ ಸೀಲು ಕೂಡ. ಅಲ್ಲಿ ಹೈಡ್ರಾಲಿಕ್ ತಿಳಿದ ಮಂದಿಗೆ ಬರವಿಲ್ಲ. ಎಲೆಕ್ಟ್ರಾನಿಕ್ಸಿಗೆ ಮಾತ್ರ ಸರಿಯಾದ ಸ್ಕ್ಯಾನರ್ ಇದ್ದಲ್ಲಿಗೇ ಹೋಗಿ. ಗಾಡಿ ಕೆಟ್ಟರೆ ಎಳೆದು ತರಬೇಡಿ, ಗಾಡಿಯನ್ನು ಮೇಲೇರಿಸಿ ಒಯ್ಯುವ ಫ್ಲಾಟ್‌ಬೆಡ್ ಕರೆಸಿ.

ಟೈರಿನ ಗೋಡೆಯ ಮೇಲೆ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. 2314 ಅಂದರೆ 2014ರ 23ನೇ ವಾರ. ಬಟನ್ (ಟೈರಿನ ಮೇಲ್ಮೈಯ ಹಲ್ಲು) 6 ಮಿಮೀ ಇದ್ದರೂ ಅಂಥ ಟೈರು ಮರದ ಗಾಲಿಯೇ. 18 ಇಂಚಿನ ಝಡ್4ಕ್ಕೆ ಮುಂದೆ 225/40, ಹಿಂದೆ 255/35. ಹಿಂದು ಮುಂದು ಅದಲು ಬದಲು ಮಾಡಲಾಗದು. ಸ್ಟೆಪ್ನಿ ಇಲ್ಲ. ಕಂಪನಿಯ ರನ್‌ಫ್ಲಾಟ್ ಟೈರು ಗಾಳಿ ಹೋದರೂ ಸುಮಾರು 80 ಕಿಮೀ ದೂರ, 80ರೊಳಗಿನ ವೇಗದಲ್ಲಿ ಓಡುತ್ತದೆ; ಸಾದಾ ಟೈರು ಹಾಕಿಸಿದವರು ಪಂಕ್ಚರ್ ಕಿಟ್ ಮತ್ತು ಕಂಪ್ರೆಸರ್ ಇಟ್ಟುಕೊಳ್ಳಲೇಬೇಕು. ಜಾಂಬೋಟಿ ದಾಟಿದ ಮೇಲೆ ಈ ಅಳತೆಯ ಟೈರು ಯಾರ ಹತ್ತಿರವೂ ಸಿಗುವುದಿಲ್ಲ.

ಓಡಿಸುವುದು ಬೇರೆಯೇ ವಿದ್ಯೆ. ಸ್ವಿಫ್ಟ್‌ನಲ್ಲಿ ತಿರುವಿಗೆ ಜೋರಾಗಿ ನುಗ್ಗಿದರೆ ಮೂತಿ ಹೊರಗೆ ಹೋಗುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಮೂತಿ ಒಳಗೆ ಬರುತ್ತದೆ. ಐದು ವರ್ಷ ಆ ಗಾಡಿ ಓಡಿಸಿದ ಕಾಲು ಹೆದರಿದಾಗ ತಾನಾಗಿಯೇ ಪೆಡಲ್ ಬಿಡುತ್ತದೆ. ಹಿಂದಿನ ಗಾಲಿಗೆ ಪವರ್ ಇರುವ, ಗಿಡ್ಡ ಗಾಡಿಯಲ್ಲಿ ಇದೇ ಅಭ್ಯಾಸ ಶತ್ರು. ತಿರುವಿನ ನಡುವೆ ಪೆಡಲ್ ಬಿಟ್ಟ ಕೂಡಲೇ ಭಾರ ಮುಂದಕ್ಕೆ ಜಿಗಿದು, ಹಿಂದಿನ ಗಾಲಿ ಹಗುರಾಗಿ, ಬಾಲ ಮುಂದೆ ಬರುತ್ತದೆ. ಎಂಜಿನ್ ಬೆನ್ನ ಹಿಂದೆ ಇರುವ ಬಾಕ್ಸ್‌ಸ್ಟರ್‌ದಲ್ಲಿ ಹಿಡಿತ ಹೆಚ್ಚು, ತಪ್ಪಿದಾಗ ತಿರುಗುವುದೂ ಬೇಗ. ವೇಗ ಇಳಿಸುವುದೆಲ್ಲ ನೆಟ್ಟಗಿರುವಾಗಲೇ ಮುಗಿಯಬೇಕು, ತಿರುವಿನಲ್ಲಿ ಹಗುರಾಗಿ ಆಕ್ಸಿಲರೇಟರ್ ಒತ್ತಿಕೊಂಡೇ ದಾಟಬೇಕು. ಗಾಲಿ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡುವ ಆಸೆ ಇದ್ದರೆ ಕೊಯಮತ್ತೂರು, ಚೆನ್ನೈನಲ್ಲಿ ಟ್ರ್ಯಾಕುಗಳಿವೆ. ಎನ್‌ಎಚ್ 48ರ ವಂಟಮುರಿ ಘಾಟ್ ಟ್ರ್ಯಾಕ್ ಅಲ್ಲ.

ಮಳೆಗಾಲದಲ್ಲಿ ಅಗಲ ಟೈರು ಇನ್ನೂ ಬೇಗ ನೀರಿನ ಮೇಲೆ ತೇಲುತ್ತದೆ. 32 ಪಿಎಸ್‌ಐ ಗಾಳಿಯಲ್ಲಿ, ನಿಂತ ನೀರಿನ ಮೇಲೆ 90ರ ಆಸುಪಾಸು ಬಂದರೆ ಅಪಾಯ ಶುರು. ಬಟನ್ ಸವೆದಿದ್ದರೆ ಅದಕ್ಕಿಂತ ಮುಂಚೆಯೇ. ಕಾನೂನು 1.6 ಮಿಮೀ ಅಂದರೂ 3 ಮಿಮೀಗೇ ಬದಲಿಸಿ.

ಇನ್ನು ನಮ್ಮೂರ ಹಂಪು. ನಿಯಮದ ಪ್ರಕಾರ ಹಂಪು 10 ಸೆಂಮೀ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಂಥದ್ದನ್ನು ಈ ಗಾಡಿ ಹೇಗೋ ದಾಟುತ್ತದೆ. ಓಣಿಯವರು ರಾತ್ರಿ ಸಿಮೆಂಟ್ ಸುರಿದು ಮಾಡಿದ ದಿಬ್ಬಕ್ಕೆ ಯಾವ ನಿಯಮ? ಅಡ್ಡಡ್ಡ, ಒಂದೊಂದೇ ಗಾಲಿ ಹತ್ತಿಸಿ. ಅಪ್ಪ-ಅವ್ವನ್ನ ಕೂಡಿಸಿಕೊಂಡು ಸವದತ್ತಿಗೆ ಹೋಗಲು ಹೇಗೂ ಇನ್ನೊಂದು ಗಾಡಿ ಮನೆಯಲ್ಲಿ ಇರಲೇಬೇಕು, ಹಾಗಾಗಿ ಸ್ವಿಫ್ಟ್ ಮಾರಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ತನಕ ನಿಲ್ಲಿಸುವವರು ಬ್ಯಾಟರಿಗೆ ಮೇಂಟೇನರ್ ಚಾರ್ಜರ್ ಹಾಕಿ, ಟೈರಿಗೆ 4 ಪಿಎಸ್‌ಐ ಹೆಚ್ಚು ಗಾಳಿ ತುಂಬಿಸಿ, ರೂಫಿನ ರಬ್ಬರಿಗೆ ಸಿಲಿಕೋನ್ ಸವರಿ, ಇಲಿಯ ಬಗ್ಗೆ ಎಚ್ಚರವಿರಲಿ. 15 ದಿನಕ್ಕೊಮ್ಮೆ ಮಳೆ ಬಿಟ್ಟಾಗ ಅರ್ಧ ಗಂಟೆ ಓಡಿಸಿ. ಶೆಡ್ಡಿನಲ್ಲಿ ಐದು ನಿಮಿಷ ಚಾಲೂ ಮಾಡಿ ಬಂದ್ ಮಾಡುವುದು ಮಾಡದೇ ಇರುವುದಕ್ಕಿಂತ ಕೆಟ್ಟದ್ದು. ರೂಫ್ ತೆರೆಯುವಾಗ ಎಂಜಿನ್ ಚಾಲೂ ಇರಲಿ, ಬ್ಯಾಟರಿ ಸೋತರೆ ರೂಫ್ ಅರ್ಧದಲ್ಲೇ ಆಕಾಶ ನೋಡುತ್ತಾ ನಿಲ್ಲುತ್ತದೆ.

ಗಾಡಿ ಪಸಂದಾಗಿ ಮಾತುಕತೆ ಮುಗಿದ ಮೇಲೂ ಡಿಕ್ಕಿ ತೆರೆದು ನಾಲ್ಕು ಸಾಮಾನು ಕೇಳಿ: ಎರಡನೇ ಕೀಲಿ, ಅಲಾಯ್ ಗಾಲಿಯ ಲಾಕ್ ಬೋಲ್ಟಿನ ಕೀ, ಎಳೆಯಲು ಸಿಕ್ಕಿಸುವ ಟೋ ಹುಕ್, ಮತ್ತು ಲೋಹದ ರೂಫ್ ಮಡಚುವ ಗಾಡಿಯಾದರೆ ಡಿಕ್ಕಿಯೊಳಗಿನ ಅಡ್ಡಪರದೆ. ಪರದೆ ಜಾಗದಲ್ಲಿ ಇಲ್ಲದಿದ್ದರೆ ರೂಫ್ ಅಲುಗಾಡುವುದಿಲ್ಲ, ಲಾಕ್ ಕೀ ಇಲ್ಲದಿದ್ದರೆ ಟೈರಿನ ಅಂಗಡಿಯವನು ಕೈ ಕಟ್ಟಿ ನಿಲ್ಲುತ್ತಾನೆ. ನಾಲ್ಕೂ ಕೈಗೆ ಬರೋತನಕ ಕೊನೆಯ 50,000 ನಿಮ್ಮ ಕಿಸೆಯಲ್ಲೇ ಇರಲಿ.