ಹದಿನೈದಕ್ಕೆ ಮುದುಕ, ಐವತ್ತಕ್ಕೆ ಮಹಾತ್ಮ

ಅರವತ್ತಕ್ಕೆ ಅರಳು ಮರಳು ಎಂದು ಮನುಷ್ಯನ ಬಗ್ಗೆ ಹೇಳಿದ ನಮ್ಮ ಹಿರಿಯರು ಮೋಟಾರ್ ಸೈಕಲ್ಲಿನ ಬಗ್ಗೆ ಏನನ್ನೂ ಹೇಳದೆ ಹೋದ ಕಾರಣ ಆ ಕೆಲಸವನ್ನು ಸರ್ಕಾರವೇ ಮಾಡಬೇಕಾಯಿತು. ಸರ್ಕಾರದ ಲೆಕ್ಕದಲ್ಲಿ ಬೈಕಿಗೆ 15 ವರ್ಷ ತುಂಬಿದ ದಿನವೇ ಮುಪ್ಪು ಅಡರುತ್ತದೆ. ಅಲ್ಲಿಂದ ಮುಂದೆ, ಪಿಂಚಣಿದಾರರು ನವೆಂಬರ್ ತಿಂಗಳಿನಲ್ಲಿ ಬ್ಯಾಂಕಿನ ಮುಂದೆ ನಿಂತು ತಾವಿನ್ನೂ ಬದುಕಿದ್ದೇವೆ ಎಂದು ತೋರಿಸುವಂತೆ, ಅದು ಐದೈದು ವರ್ಷಕ್ಕೊಮ್ಮೆ ಸಾರಿಗೆ ಕಚೇರಿಯ ಅಂಗಳದಲ್ಲಿ ನಿಂತು ತೋರಿಸಬೇಕು. ಪಿಂಚಣಿದಾರರು ಅಲ್ಲಿಂದ ಹಣ ತರುತ್ತಾರೆ, ಬೈಕು ಹಣ ಕೊಟ್ಟು ಬರುತ್ತದೆ, ಅಷ್ಟೇ ವ್ಯತ್ಯಾಸ. ಅದೇ ಬೈಕು ಹೇಗೋ ಜೀವ ಹಿಡಿದುಕೊಂಡು 50 ದಾಟಿಬಿಟ್ಟರೆ, 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ನಿಯಮದಂತೆ ‘ವಿಂಟೇಜ್’ ಎಂಬ ಬಿರುದು ಪಡೆದು ದೇಶದ ಪರಂಪರೆಯಾಗುತ್ತದೆ. ನಡುವಿನ 35 ವರ್ಷ ಅದು ಏನು ಎಂಬುದನ್ನು ತಿಳಿಯಲೆಂದೇ ನಾನು ಕಳೆದ ವರ್ಷ ಮನೆಯ ವರಾಂಡವನ್ನು 1984ರ ಒಂದು ಯೆಜ್ಡಿ ರೋಡ್‌ಕಿಂಗ್‌ಗೆ ಬಿಟ್ಟುಕೊಟ್ಟೆ.

ಗಾಡಿ ಸಿಕ್ಕಿದ್ದು ಸೋದರಮಾವನ ಹಳ್ಳಿಮನೆಯ ಕೊಟ್ಟಿಗೆಯಲ್ಲಿ. ಸೀಟಿನ ಸ್ಪಂಜಿನೊಳಗೆ ಕೋಳಿಯೊಂದು ಸಂಸಾರ ಹೂಡಿತ್ತು. “ತಗೊಂಡ್ಹೋಗಪ್ಪ, ಅದು ಮೊಟ್ಟೆ ಇಡಕ್ಕೆ ಬೇರೆ ಜಾಗ ನೋಡ್ಕೊಳ್ಳತ್ತೆ” ಎಂದು ಮಾವ ಉದಾರವಾಗಿ ಕೊಟ್ಟರು. ಇಂದಿನ ಹುಡುಗರಿಗೆ ಇದನ್ನು ಸ್ಪೋರ್ಟ್ಸ್ ಬೈಕು ಎಂದರೆ ನಗು ಬರುತ್ತದೆ. 250 ಸಿಸಿ, 16 ಅಶ್ವಶಕ್ತಿ, ಒಂದೇ ಸಿಲಿಂಡರು, ಅದಕ್ಕೆ ಎರಡು ಸೈಲೆನ್ಸರು. ಆದರೆ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಆ ದಿನಗಳಲ್ಲಿ, 1978ರಲ್ಲಿ ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ಹೊರಬಂದ ರೋಡ್‌ಕಿಂಗ್ ಬೀದಿಯ ಆ ತುದಿಯಲ್ಲಿದ್ದಾಗಲೇ ಈ ತುದಿಯ ಮನೆಗಳ ಕಿಟಕಿ ತೆರೆಸುತ್ತಿತ್ತು. ಜಯಚಾಮರಾಜ ಒಡೆಯರು 1961ರಲ್ಲಿ ಉದ್ಘಾಟಿಸಿದ್ದ ಆ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಹೀಗಾಗಿ ನನ್ನ ಕೈಗೆ ಬಂದದ್ದು ಹೆತ್ತವರಿಲ್ಲದ, ಮುಪ್ಪು ಹಿಡಿದ, ಇನ್ನೂ ಮಹಾತ್ಮನಾಗದ ಒಂದು ವಾಹನ.

ಮನೆಯಲ್ಲಿಯೇ ರಿಪೇರಿ ಮಾಡುವುದರ ಕಷ್ಟವನ್ನು ಇಲ್ಲಿ ವಿಸ್ತರಿಸುವುದಿಲ್ಲ, ಏಕೆಂದರೆ ಅದರಲ್ಲಿ ಅಸಂಬದ್ಧವಾದುದು ಏನೂ ಇರಲಿಲ್ಲ. ಕಬ್ಬಿಣ ತರ್ಕಕ್ಕೆ ಬಗ್ಗುತ್ತದೆ. ಕ್ರ್ಯಾಂಕಿನ ಹೊಸ ಬೇರಿಂಗ್ ಕೂರದಿದ್ದರೆ ಸುತ್ತಿಗೆಯಿಂದ ಬಡಿಯಬಾರದು. ಬೇರಿಂಗನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ಬೆಳಿಗ್ಗೆ ಕ್ರ್ಯಾಂಕ್‌ಕೇಸನ್ನು ಒಲೆಯ ಮೇಲೆ ಹದವಾಗಿ ಬಿಸಿ ಮಾಡಿದರೆ, ಹಿಗ್ಗಿದ ಅಲ್ಯೂಮಿನಿಯಮ್ಮಿನೊಳಗೆ ಕುಗ್ಗಿದ ಉಕ್ಕು ಟಕ್ಕೆಂದು ತಾನಾಗಿಯೇ ಕುಳಿತುಕೊಳ್ಳುತ್ತದೆ. ಹಸಿ ಬಟಾಣಿಯ ಪೊಟ್ಟಣದ ಪಕ್ಕದಲ್ಲಿದ್ದ ಬೇರಿಂಗನ್ನು ಎತ್ತಿ ಹಿಡಿದು ಅಮ್ಮ, “ಏನೋ ಇದು, ಕಬ್ಬಿಣದ ಕೋಡುಬಳೆ?” ಎಂದು ಕೇಳಿದ್ದನ್ನು ಬಿಟ್ಟರೆ ಆ ಹಂತ ನಿರ್ವಿಘ್ನವಾಗಿ ಮುಗಿಯಿತು. ಸಿಲಿಂಡರ್ ಬೋರ್ ಆಯಿತು, ಓವರ್‌ಸೈಜ್ ಪಿಸ್ಟನ್ ಬಂತು, ಸೈಲೆನ್ಸರಿನ ಕಾರ್ಬನ್ ಕೆರೆದು ತೆಗೆದದ್ದಾಯಿತು. ಚಾಸಿಗೆ ಪೌಡರ್ ಕೋಟಿಂಗ್, ಟ್ಯಾಂಕಿಗೆ ಮಾವನ ಆರ್‌ಸಿ ಪುಸ್ತಕದಲ್ಲಿ ಗುಮಾಸ್ತರೊಬ್ಬರು ಮುತ್ತಿನಂಥ ಅಕ್ಷರಗಳಲ್ಲಿ ಬರೆದಿದ್ದ ಹಾಗೆಯೇ ಕೆಂಪು ಬಣ್ಣ, ಅದರ ಮೇಲೆ ಕೈಯಿಂದ ಎಳೆದ ಬಂಗಾರದ ಗೆರೆ. ಎಂಟು ತಿಂಗಳ ಬಳಿಕ ಒಂದು ಭಾನುವಾರ ಗಾಡಿ ಶುರುವಾಗಿ, ಬೀದಿಯ ಮಕ್ಕಳೆಲ್ಲ ಸೊಳ್ಳೆ ಹೊಗೆಯ ಗಾಡಿ ಬಂತೆಂದು ಓಡಿಬಂದರು.

ತರ್ಕ ಅಲ್ಲಿಗೆ ಮುಗಿಯಿತು. ಸೋಮವಾರ ಸಾರಿಗೆ ಕಚೇರಿಗೆ ಹೋದೆ.

ಮಾವನ ಆರ್‌ಸಿ 2019ರಲ್ಲಿ ಮುಗಿದಿತ್ತು. ಹಳೆಯ ಗಾಡಿಯನ್ನು ಜನ ಬೇಗ ಬಿಡಲಿ ಎಂಬ ಸದುದ್ದೇಶದಿಂದ ಕೇಂದ್ರವು ಮೋಟಾರ್ ಸೈಕಲ್ಲಿನ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 300 ರೂಪಾಯಿಯಿಂದ 1,000ಕ್ಕೆ ಏರಿಸಿತು. ಆಗಲೂ ಬಿಡದವರಿಗಾಗಿ, 20 ವರ್ಷ ದಾಟಿದ ಮೋಟಾರ್ ಸೈಕಲ್ಲುಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 2,000 ಮಾಡಿತು. ತಡವಾದ ತಿಂಗಳುಗಳ ಲೆಕ್ಕ ಬೇರೆ, ಹಸಿರು ತೆರಿಗೆ ಬೇರೆ. ಟೂ-ಸ್ಟ್ರೋಕ್ ಗಾಡಿಯ ಹೊಗೆ ನೀಲಿಯಾಗಿರುತ್ತದೆ ಎಂದು ಇಷ್ಟು ದಿನ ನಂಬಿದ್ದ ನನಗೆ, ತೆರಿಗೆ ಕಟ್ಟಿದರೆ ಅದು ಹಸಿರಾಗುತ್ತದೆ ಎಂದು ತಿಳಿದದ್ದು ಆಗಲೇ.

ಅರ್ಜಿ ಕೊಟ್ಟ ಮೇಲೆ ಬ್ರೇಕ್ ಇನ್‌ಸ್ಪೆಕ್ಟರ್ ಸಾಹೇಬರು ಗಾಡಿ ನೋಡಬೇಕು. ನೋಡುವುದೆಂದರೆ ಮುಖ್ಯವಾಗಿ ಚಾಸಿ ನಂಬರು ನೋಡುವುದು. ಹ್ಯಾಂಡಲ್ಲಿನ ಕತ್ತಿನ ಬಳಿ ಕೆತ್ತಿರುವ ಆ ನಂಬರಿನ ಮೇಲೆ ತೆಳುವಾದ ಕಾಗದವನ್ನಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು. ನಾಲ್ಕು ದಶಕದ ತುಕ್ಕಿಗೂ ಜಗ್ಗದೆ ನಿಂತಿದ್ದ ಅಂಕಿಗಳು ನನ್ನ ದುಬಾರಿ ಪೌಡರ್ ಕೋಟಿಂಗಿನ ಅಡಿಯಲ್ಲಿ ಮುಚ್ಚಿಹೋಗಿದ್ದವು. ಸಾಹೇಬರು ಮೂರು ಸಲ ಪೆನ್ಸಿಲ್ ಉಜ್ಜಿದರು. ಕಾಗದದ ಮೇಲೆ ಅಮಾವಾಸ್ಯೆಯ ಆಕಾಶದ ಚಿತ್ರ ಮೂಡಿತು. “ಕೆರೀರಿ” ಎಂದರು. ಕಚೇರಿಯ ಹೊರಗಿನ ಝೆರಾಕ್ಸ್ ಅಂಗಡಿಯಿಂದ ಬ್ಲೇಡ್ ತಂದು, ಬೆಣ್ಣೆಯಂಥ ಕೋಟಿಂಗನ್ನು ಎರಡು ಇಂಚು ಉದ್ದಕ್ಕೆ ನನ್ನ ಕೈಯಾರೆ ಹೆರೆದು ತೆಗೆದ ಮೇಲೆ ನಂಬರು ದರ್ಶನ ಕೊಟ್ಟಿತು. ಗಾಡಿ ಅಸಲಿ ಎಂದು ಸಾಬೀತಾಗಬೇಕಾದರೆ ಅದು ಸ್ವಲ್ಪವಾದರೂ ಹಾಳಾಗಿ ಕಾಣಬೇಕು ಎಂಬುದು ಅವರ ಅಭಿಪ್ರಾಯವಾಗಿತ್ತು.

ಮುಂದೆ ಅವರು, “ಸ್ಟಾರ್ಟ್ ಮಾಡಿ. ಕಿಕ್ಕರ್ ಎಲ್ಲಿ?” ಎಂದರು. ಯೆಜ್ಡಿಯಲ್ಲಿ ಗೇರ್ ಲಿವರೇ ಕಿಕ್ಕರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರಾಗಿ ನಿಲ್ಲುತ್ತದೆ, ಒದ್ದ ಮೇಲೆ ಮುಂದಕ್ಕೆ ಬಂದು ಮತ್ತೆ ಗೇರಾಗುತ್ತದೆ. ಗಾಡಿಗಿಂತ ಹತ್ತು ವರ್ಷವಾದರೂ ಕಿರಿಯರಾಗಿದ್ದ ಸಾಹೇಬರು ಇದನ್ನು ನಂಬಲಿಲ್ಲ. ಕಿಕ್ಕರನ್ನು ಕಿತ್ತುಹಾಕಿ ನಾನೇನೋ ಮಾಡಿಫಿಕೇಷನ್ ಮಾಡಿದ್ದೇನೆ ಎಂದು ಅವರಿಗೆ ಗುಮಾನಿ. ಕೊನೆಗೆ, ಅಂಗಳದಲ್ಲಿ ಅರ್ಜಿ ತುಂಬಿಕೊಡುತ್ತ ಕುಳಿತಿದ್ದ ಏಜೆಂಟರಲ್ಲಿ ಹಿರಿಯರೊಬ್ಬರು ಎದ್ದುಬಂದು, ಪಂಚೆ ಎತ್ತಿ ಕಟ್ಟಿ, ಒಂದೇ ಒದೆಗೆ ಗಾಡಿ ಶುರು ಮಾಡಿ, “ಸಾರ್, ಇದು ಹಂಗೇ ಬಂದಿದ್ದು” ಎಂದು ಪ್ರಮಾಣ ಮಾಡಿದ ಮೇಲೆಯೇ ಕಡತ ಮುಂದೆ ಸರಿಯಿತು. ತಯಾರಿಸಿದ ಕಾರ್ಖಾನೆ ಕೊಡಲಾಗದ ಪ್ರಮಾಣಪತ್ರವನ್ನು ಒಬ್ಬ ಏಜೆಂಟ್ ಕೊಟ್ಟರು. ಆ ದಿನ ಕಚೇರಿಯಲ್ಲಿ ನಡೆದ ಅರ್ಥಪೂರ್ಣ ವ್ಯವಹಾರ ಅದೊಂದೇ.

ಹೊಗೆ ತಪಾಸಣೆಯ ಗೂಡಂಗಡಿಯ ಹುಡುಗನ ಸಂಕಟ ಮತ್ತೊಂದು ಬಗೆಯದು. ಕೊಳವೆಯನ್ನು ಕೈಯಲ್ಲಿ ಹಿಡಿದು ಎರಡು ಸೈಲೆನ್ಸರುಗಳನ್ನು ನೋಡುತ್ತ, ಯಾವುದಕ್ಕೆ ಹಾಕಲಿ ಎಂದು ಕೇಳಿದ. ಎರಡೂ ಒಂದೇ ಸಿಲಿಂಡರಿನವು ಎಂದೆ. “ಹಂಗಾದ್ರೆ ಅರ್ಧರ್ಧ ಬರತ್ತೆ, ಪಾಸಾಗತ್ತೆ ಬಿಡಿ” ಎಂದ. 2000ಕ್ಕೆ ಮೊದಲಿನ ದ್ವಿಚಕ್ರ ವಾಹನಗಳಿಗೆ ಕಾರ್ಬನ್ ಮಾನಾಕ್ಸೈಡ್ ಶೇ. 4.5ರವರೆಗೆ ಮಾಫಿ, ಆ ಮಿತಿಯೊಳಗೇ ಪಾಸಾಯಿತು. ವಿಜ್ಞಾನದ ಪಾಲಿಗೆ ಅದು ಕೆಟ್ಟ ದಿನ, ನನ್ನ ಪಾಲಿಗೆ ಒಳ್ಳೆಯದು.

ಇನ್ನು ಅತಿ ಸುರಕ್ಷಿತ ನಂಬರ್ ಪ್ಲೇಟು. 2019ರ ಏಪ್ರಿಲ್‌ಗೆ ಮೊದಲು ನೋಂದಣಿಯಾದ ರಾಜ್ಯದ ವಾಹನಗಳಿಗೆಲ್ಲ ಇದು ಕಡ್ಡಾಯವೆಂದು, ಕೊನೆಯ ದಿನ 2023ರ ನವೆಂಬರ್ 17 ಎಂದು, ಅಲ್ಲ 2024ರ ಫೆಬ್ರವರಿ 17 ಎಂದು, ಅದೂ ಅಲ್ಲ ಮೇ 31 ಎಂದು ಮುಂದೂಡುತ್ತ ಹೋದದ್ದು ಎಲ್ಲರಿಗೂ ಗೊತ್ತು. ಕ್ರಮವೇನೋ ಸರಳ: ನಿಮ್ಮ ವಾಹನದ ಕಂಪನಿಯನ್ನು ಆರಿಸಿ, ಹತ್ತಿರದ ಡೀಲರನ್ನು ಆರಿಸಿ, ಹೋಗಿ ಹಾಕಿಸಿಕೊಳ್ಳಿ. ನಮ್ಮ ಊರಿನ ಯೆಜ್ಡಿ ಡೀಲರ್ ಇದ್ದ ಜಾಗದಲ್ಲಿ ಈಗ ಸೀರೆ ಅಂಗಡಿಯಿದೆ. ಯೆಜ್ಡಿ ಹೆಸರಿನ ಹೊಸ ಬೈಕುಗಳು 2022ರಿಂದ ಮಾರುಕಟ್ಟೆಯಲ್ಲಿವೆ, ನಿಜ. ಅವು ತಯಾರಾಗುವುದು ಮಧ್ಯಪ್ರದೇಶದ ಪೀಥಮ್‌ಪುರದಲ್ಲಿ. ಮೈಸೂರಿನಲ್ಲಿ ಹುಟ್ಟಿದ ಮುದುಕನನ್ನು ಅಲ್ಲಿಯ ಮೊಮ್ಮಗ ಗುರುತು ಹಿಡಿಯಬೇಕೆಂದು ಬಯಸುವುದು ನ್ಯಾಯವಲ್ಲ.

ಇಷ್ಟೆಲ್ಲ ಏಕೆ, 2034ರ ತನಕ ಕಾದರೆ ಇದೂ ವಿಂಟೇಜ್ ಆಗುವುದಿಲ್ಲವೇ ಎಂದು ಗೆಳೆಯರು ಕೇಳಿದರು. ಆ ನಿಯಮವನ್ನೂ ಓದಿದೆ. ಹೊಸದಾಗಿ ವಿಂಟೇಜ್ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮೇಲೆ ನವೀಕರಣಕ್ಕೆ 5,000. ಗಾಡಿ ಮೂಲರೂಪದಲ್ಲಿಯೇ ಇರಬೇಕು; ಚಾಸಿ, ಎಂಜಿನ್ನುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಿರಬಾರದು. ಅಂದರೆ ಬಿಡಿಭಾಗ ಮಾಡುವ ಕಾರ್ಖಾನೆ ಸತ್ತು ಎಷ್ಟೇ ವರ್ಷವಾಗಿರಲಿ, ಬಿಡಿಭಾಗ ಮಾತ್ರ ಚಿರಂಜೀವಿಯಾಗಿರತಕ್ಕದ್ದು. ಎಲ್ಲಕ್ಕಿಂತ ರುಚಿಕಟ್ಟಾದುದು ಬಳಕೆಯ ಷರತ್ತು. ವಿಂಟೇಜ್ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ರಿಪೇರಿ ಮತ್ತು ಪೆಟ್ರೋಲ್ ತುಂಬಿಸುವುದಕ್ಕೆ ಮಾತ್ರ ರಸ್ತೆಗಿಳಿಸಬಹುದು. ಆದ್ದರಿಂದ ನಾನು 2034ರಲ್ಲಿ ಮನೆಯಿಂದ ಬಂಕಿಗೆ ಹೋಗಿ ಪೆಟ್ರೋಲ್ ಹಾಕಿಸಿಕೊಂಡು ಬರಬಹುದು, ಬರುವಾಗ ಸುಟ್ಟುಹೋದ ಪೆಟ್ರೋಲನ್ನು ತುಂಬಿಸಲು ಮತ್ತೆ ಹೋಗಬಹುದು, ಹೀಗೆ ಆಯುಷ್ಯಪೂರ್ತಿ ಕಾನೂನಿಗೆ ಧಕ್ಕೆಯಾಗದಂತೆ ಸವಾರಿ ಮಾಡಬಹುದು. ದಾರಿಯಲ್ಲಿ ಅರ್ಧ ಕಿಲೋ ಬೀನ್ಸ್ ಕೊಂಡರೆ ಮಾತ್ರ ಅಪರಾಧ. ಬೀನ್ಸ್ ಕೊಳ್ಳುವುದನ್ನು ತಾಂತ್ರಿಕ ಸಂಶೋಧನೆ ಎಂದು ವಾದಿಸಲು ಸಾಧ್ಯವೇ ಎಂದು ವಕೀಲ ಮಿತ್ರರೊಬ್ಬರನ್ನು ಕೇಳಿಟ್ಟಿದ್ದೇನೆ.

ಗಣ್ಯರಿಗೆ ಈ ಗಾಡಿಗಳ ಮೇಲೆ ಪ್ರೀತಿ ಇಲ್ಲವೆಂದು ತಿಳಿಯಬೇಡಿ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನ. ನಮ್ಮ ಊರಿನಲ್ಲಿ ಅಂದು ಬಾವುಟ ಬೀಸಲು ಬಂದವರು ಇದು ನಾಡಿನ ಹೆಮ್ಮೆ, ನಮ್ಮ ಪರಂಪರೆ ಎಂದು ಭಾಷಣ ಮಾಡಿ, ಸೀಟಿನ ಮೇಲೆ ಕುಳಿತು, ಹೆಲ್ಮೆಟ್ ಇಲ್ಲದೆ ಫೋಟೊ ತೆಗೆಸಿಕೊಂಡರು. ಸೋಮವಾರ ಬೆಳಿಗ್ಗೆ ಅದೇ ವೃತ್ತದಲ್ಲಿ ಅದೇ ಪರಂಪರೆಯನ್ನು ಟ್ರಾಫಿಕ್ ಪೇದೆ ಕೈ ಅಡ್ಡ ಹಿಡಿದು ನಿಲ್ಲಿಸಿ, “ಏನ್ ಸಾರ್ ಈ ಗುಜರಿ, ಡಾಕ್ಯುಮೆಂಟ್ ತೋರಿಸಿ” ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಡುವಿನ 35 ವರ್ಷಕ್ಕೆ ಸರ್ಕಾರ ಹೆಸರಿಡದೆ ಬಿಟ್ಟದ್ದಕ್ಕೆ ಹೆಸರಿಟ್ಟವರು ಅವರೊಬ್ಬರೇ.

ಅಂತೂ ಮೂರು ತಿಂಗಳ ಮೇಲೆ ಹೊಸ ಆರ್‌ಸಿ ಕಾರ್ಡು ಅಂಚೆಯಲ್ಲಿ ಬಂತು. ಹಳೆಯ ಪುಸ್ತಕದಲ್ಲಿದ್ದುದನ್ನು ಕಂಪ್ಯೂಟರಿಗೆ ಏರಿಸುವಾಗ ಮಾವನ ಹೆಸರು ಸರಿಯಾಗಿ ಏರಿದೆ, ನನ್ನ ಹೆಸರು ಸರಿಯಾಗಿದೆ, ಬ್ಲೇಡಿನಿಂದ ಹೆರೆದ ಆ ಚಾಸಿ ನಂಬರೂ ತಪ್ಪಿಲ್ಲದೆ ಬಂದಿದೆ. ಬಣ್ಣ ಎಂಬಲ್ಲಿ ‘ಕಪ್ಪು’ ಎಂದಿದೆ. ವಿಚಾರಿಸಿದರೆ, ದಾಖಲೆಯಲ್ಲಿರುವುದೇ ಮೂಲ ಬಣ್ಣ, ಕೆಂಪಾಗಿರುವ ಗಾಡಿಯೇ ಬದಲಾವಣೆ ಹೊಂದಿದ್ದು ಎಂದರು; ಸರಿಪಡಿಸಬೇಕಾದರೆ ಬಣ್ಣ ಬದಲಾವಣೆಯ ಅರ್ಜಿ, ಶುಲ್ಕ, ಮತ್ತೆ ಗಾಡಿ ತಂದು ಸಾಹೇಬರ ಮುಂದೆ ನಿಲ್ಲಿಸುವುದು. ಪೇಂಟರಿಗೆ ಫೋನ್ ಮಾಡಿದೆ. ಕಪ್ಪಾದರೆ ಗೆರೆ ಎಳೆಯುವ ಕೆಲಸವಿಲ್ಲ, ಕಚೇರಿಗಿಂತ ಕಡಿಮೆಯಲ್ಲೇ ಮಾಡಿಕೊಡುತ್ತೇನೆ ಎಂದಿದ್ದಾನೆ.