ಮ್ಯಾನುಯಲ್ ಪೆದ್ದನಲ್ಲ

ಬ್ರಿಟಿಷ್ ಟಿವಿಯ ಹಾಸ್ಯ ಧಾರಾವಾಹಿ 'ಫಾಲ್ಟಿ ಟವರ್ಸ್' ಮಾತು ಬಂದರೆ ಎಲ್ಲರೂ ಹೋಟೆಲ್ ಯಜಮಾನ ಬೇಸಿಲ್ ಪಾತ್ರ ಮಾಡಿದ ಜಾನ್ ಕ್ಲೀಸ್ ಅವರನ್ನೇ ನೆನೆಯುತ್ತಾರೆ. ನೆನೆಯಬೇಕಾದ್ದೇ. ಆದರೆ ಅಲ್ಲಿನ ಅರ್ಧ ನಗು ವೇಟರ್ ಮ್ಯಾನುಯಲ್ ಆಗಿದ್ದ ಆಂಡ್ರ್ಯೂ ಸ್ಯಾಕ್ಸ್ ಅವರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮೊದಲ ಕಂತನ್ನೇ ತಗೊಳ್ಳಿ. ಟ್ರೇಗಳಲ್ಲಿ ಬೆಣ್ಣೆ ಜಾಸ್ತಿಯಾಯಿತು ಅಂತ ಬೇಸಿಲ್ ರೇಗುತ್ತಾನೆ. ಅವನ 'ಆನ್ ದೋಸ್ ಟ್ರೇಸ್' ಸ್ಪೇನಿನ ವೇಟರ್ ಮ್ಯಾನುಯಲ್ ಕಿವಿಗೆ 'ಉನೋ, ದೋಸ್, ತ್ರೇಸ್' ಅಂತ ಬೀಳುತ್ತದೆ. ಅಂದರೆ ಒಂದು, ಎರಡು, ಮೂರು. ಪಾಪ, ಯಜಮಾನರು ಎಣಿಸೋದು ತಪ್ಪಿದರು ಅಂತ ಮೆತ್ತಗೆ ತಿದ್ದಿಕೊಡುತ್ತಾನೆ! ಆ ಕ್ಷಣ ಸ್ಯಾಕ್ಸ್ ಮುಖ ನೋಡಿ. ಹಾಸ್ಯ ಮಾಡುತ್ತಿದ್ದೇನೆ ಅನ್ನೋ ಸುಳಿವೇ ಇಲ್ಲ, ಮಗುವಿಗೆ ಮಗ್ಗಿ ಹೇಳಿಕೊಡುವ ಮೇಷ್ಟರ ತಾಳ್ಮೆ ಇದೆ. ಮ್ಯಾನುಯಲ್ ಪೆದ್ದನಲ್ಲ. ಕೇಳಿಸಿದ್ದಕ್ಕೆ ಸರಿಯಾಗೇ ಉತ್ತರ ಕೊಡುತ್ತಾನೆ, ಕೇಳಿಸಿದ್ದು ಬೇರೆ ಅಷ್ಟೇ.

1979ರ ಕುದುರೆ ಜೂಜಿನ ಕಂತಿನಲ್ಲೂ ಹಾಗೇ. ಗೆದ್ದ ದುಡ್ಡಿನ ವಿಷಯ ಕೇಳಿದರೆ ಏನೂ ಗೊತ್ತಿಲ್ಲ ಅನ್ನಬೇಕು ಅಂತ ಬೇಸಿಲ್ ಹೇಳಿಕೊಟ್ಟಿರುತ್ತಾನೆ. ಕೊನೆಗೆ ಅವನಿಗೇ ಸಾಕ್ಷಿ ಬೇಕಾದಾಗ ಮ್ಯಾನುಯಲ್ ಎದೆಯುಬ್ಬಿಸಿ ಏನೂ ಗೊತ್ತಿಲ್ಲ ಅನ್ನುತ್ತಾನೆ. ಸ್ಪೇನಿನವರನ್ನು ಗೇಲಿ ಮಾಡಿದ ಪಾತ್ರ ಅನ್ನುವವರು ಈ ಕಂತನ್ನು ಇನ್ನೊಮ್ಮೆ ನೋಡಬೇಕು. ಸಿಕ್ಕಿಬೀಳುವವನು ಬೇಸಿಲ್.

ಬೇಸಿಲ್ ಕೈಯಲ್ಲಿ ಏಟು ತಿನ್ನೋದು ಇನ್ನೂ ಕಷ್ಟದ ಕೆಲಸ. ಕೈ ಎತ್ತುವ ಮೊದಲೇ ನಟ ಕಣ್ಣು ಮುಚ್ಚಿದರೆ, ಏಟು ಬರೋದು ಇವನಿಗೆ ಗೊತ್ತಿತ್ತು ಅಂತ ನೋಡುವವರಿಗೆ ತಿಳಿದು ನಗು ಸತ್ತುಹೋಗುತ್ತದೆ. ನೋವು ತುಸು ಹೆಚ್ಚು ಕಂಡರೂ ಕನಿಕರ ಹುಟ್ಟುತ್ತದೆ, ಆಗಲೂ ನಗು ಹೋಯಿತು. ಈ ಅಳತೆ ಸ್ಯಾಕ್ಸ್ ಅವರಿಗೆ ಒಗ್ಗಿದ್ದು ರಂಗದ ಮೇಲೆ. 1958ರಿಂದಲೇ ಲಂಡನ್ನಿನ ವೈಟ್‌ಹಾಲ್ ಥಿಯೇಟರಿನಲ್ಲಿ ಬ್ರಯನ್ ರಿಕ್ಸ್ ತಂಡದ ಪ್ರಹಸನಗಳಲ್ಲಿ ಪಳಗಿದವರು. ಹಾಗಿದ್ದೂ ಒಂದು ಕಂತಿನಲ್ಲಿ ನಿಜವಾದ ಲೋಹದ ಪಾತ್ರೆಯಿಂದ ತಲೆಗೆ ಪೆಟ್ಟು ಬಿತ್ತು. ಇನ್ನೊಂದರಲ್ಲಿ ಜಾಕೆಟ್ಟಿನಿಂದ ಹೊಗೆ ಬರಿಸಲು ಹಚ್ಚಿದ ರಾಸಾಯನಿಕ ಬಟ್ಟೆ ದಾಟಿ ಕೈಯ ಚರ್ಮವನ್ನೇ ಸುಟ್ಟಿತು.

ಇಷ್ಟಕ್ಕೂ ಅವರು ಸ್ಪೇನಿನವರಲ್ಲ. 1930ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದವರು. ತಂದೆ ಯಹೂದಿ, ಹಾಗಾಗಿ 1938ರಲ್ಲಿ ಕುಟುಂಬ ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂತು. ಮ್ಯಾನುಯಲ್ ಪಾತ್ರ ಬಂದಾಗ, ಜರ್ಮನ್ ವೇಟರ್ ಮಾಡಿದರೆ ಆಗದೇ ಅಂತ ಕ್ಲೀಸ್ ಅವರನ್ನು ಕೇಳಿದ್ದರಂತೆ. ಗೊತ್ತಿಲ್ಲದ ಭಾಷೆಯ ನಡುವೆ ನಿಂತ ಹುಡುಗನ ಗಾಬರಿ, ಮೆಚ್ಚಿಸಬೇಕೆಂಬ ಆತುರ ಆ ಕಣ್ಣುಗಳಲ್ಲಿ ನನಗಂತೂ ಕಾಣುತ್ತದೆ.

1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು ಹನ್ನೆರಡೇ ಕಂತು. 2016ರಲ್ಲಿ ಅವರು ತೀರಿಕೊಂಡಾಗ ಸುದ್ದಿಗಳ ತಲೆಬರಹದಲ್ಲೆಲ್ಲ ಅದೇ ವೇಟರ್. ಹರುಕು ಮುರುಕು ಇಂಗ್ಲಿಷಿಗೆ ಹೆಸರಾದ ಇದೇ ನಟ ದಶಕಗಟ್ಟಲೆ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ನಿರೂಪಣೆ ಮಾಡಿದರು. ರೇಡಿಯೋದಲ್ಲಿ ಪತ್ತೇದಾರಿ ಪಾದ್ರಿ ಫಾದರ್ ಬ್ರೌನ್ ಆದರು, ಷರ್ಲಾಕ್ ಹೋಮ್ಸ್‌ನ ಜೊತೆಗಾರ ವಾಟ್ಸನ್ ಆದರು. ಎಲ್ಲಕ್ಕಿಂತ ಮಿಗಿಲಾಗಿ, 1978ರಲ್ಲಿ ಬಿಬಿಸಿ ರೇಡಿಯೋಗೆ 'ದಿ ರಿವೆಂಜ್' ಎಂಬ ನಾಟಕ ಬರೆದು ತಾವೇ ನಟಿಸಿದರು. ರೇಡಿಯೋ ನಾಟಕ, ಆದರೆ ಅದರಲ್ಲಿ ಒಂದು ಮಾತೂ ಇಲ್ಲ! ಉಸಿರು, ಹೆಜ್ಜೆ, ಸುತ್ತಲ ಸದ್ದು, ಇಷ್ಟರಲ್ಲೇ ಕಥೆ. ಸಿಕ್ಕರೆ ಹೆಡ್‌ಫೋನ್ ಹಾಕಿಕೊಂಡು ಕೇಳಿ.